ಮೊರದ ಆಮೆ

ಆ ಮೊರಗಳಲ್ಲಿ ಒಂದೂ ಬಿಸಾಡುವಂಥದ್ದಲ್ಲ ಎಂಬುದು ಅನಂತರಾಜುವಿಗೆ ಚೆನ್ನಾಗಿಯೇ ಗೊತ್ತಿತ್ತು. ಕುಣಿಗಲ್ ಬಸ್‌ಸ್ಟ್ಯಾಂಡಿನಲ್ಲಿ ಕೊತ್ತಗೆರೆ ಕಡೆಯ ಬಸ್ಸಿಗೆ ಕಾಯುತ್ತ, ಹೆಂಡತಿ ಪ್ರಮೀಳಾ ಇಸ್ತ್ರಿ ಮಾಡಿಕೊಟ್ಟ ಬಿಳಿ ಅಂಗಿಗೆ ಎಲ್ಲಿ ಕೊಳೆ ತಾಗೀತೋ ಎಂದು ಕಂಬದಿಂದ ಒಂದು ಮಾರು ದೂರ ನಿಂತು, ಅವನು ಅದನ್ನೇ ನೆನೆಯುತ್ತಿದ್ದ. ಮಕ್ಕಳು ಬಿಸಾಕೋದು ಸಾರ್ ಅಂದಿದ್ದವು, ಅವನು ನಂಬಿದ್ದ. ಇಲ್ಲ, ನಂಬಿರಲಿಲ್ಲ, ನಂಬಿದವನ ಹಾಗೆ ತಲೆಯಾಡಿಸಿದ್ದ. ತಲೆಯಾಡಿಸಿದ್ದು ಸುಳ್ಳು ಹೇಳಿದಂತಾಗುವುದಿಲ್ಲ ಎಂದು ಯಾರಾದರೂ ಹಿರಿಯರು ನ್ಯಾಯ ಹೇಳಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಹಾಗೆ ನ್ಯಾಯ ಹೇಳುವವರು ಶನಿವಾರ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಯಾರಿರುತ್ತಾರೆ? ಪಕ್ಕದಲ್ಲಿದ್ದವನು ಒಬ್ಬ ಪೊಲೀಸಿನವನು, ಕಡಲೆಕಾಯಿ ಸುಲಿದು ತಿನ್ನುತ್ತಿದ್ದ. ಅವನು ತನ್ನ ಕಡೆ ತಿರುಗಿದಾಗಲೆಲ್ಲ ಅನಂತರಾಜು ಕೈಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. ಚೀಲದಲ್ಲಿದ್ದದ್ದು ಮೊಸರನ್ನದ ಡಬ್ಬಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಪಾಪ ಪೊಲೀಸಿನವನು ಏನೂ ಅಂದೇ ಇರಲಿಲ್ಲ.

ಬೆಂಗಳೂರಿನ ಕಲಾ ಸಂಗ್ರಹಾಲಯದ ತನುಶ್ರೀ ಮೇಡಂ ಇವತ್ತು ಒಂಬತ್ತೂವರೆಗೆ ಸ್ಕೂಲಿಗೆ ಬರುವವರಿದ್ದರು. ಬಂದು, ಅವನು ಮಕ್ಕಳ ಕೈಲಿ ಮಾಡಿಸಿದ ಬಯಲು ಕಲೆಯನ್ನು ನೋಡಿ, ಹೆಡ್‌ಮಾಸ್ತರು ಅಣ್ಣಯ್ಯಪ್ಪನವರ ಎದುರಿಗೆ ಚೆನ್ನಾಗಿದೆ ಎಂದು ಒಂದು ಮಾತು ಹೇಳಿದರೆ ಸಾಕಿತ್ತು, ಶುಕ್ರವಾರದ ಕೊನೆಯ ಎರಡು ಪೀರಿಯಡ್ಡುಗಳು ಅವನಿಗೆ ವಾಪಸು ಬರುತ್ತಿದ್ದವು. ಆ ಎರಡು ಪೀರಿಯಡ್ಡು ಅವನವೇ. ವೇಳಾಪಟ್ಟಿಯಲ್ಲಿ ಚಿತ್ರಕಲೆ ಎಂದು ಅವನ ದುಂಡು ಅಕ್ಷರದಲ್ಲೇ ಬರೆದಿತ್ತು. ಆದರೆ ಮೂರು ವರ್ಷದಿಂದ ಆ ಹೊತ್ತಿಗೆ ಸರಿಯಾಗಿ ಗಣಿತದ ಅಂಜನಮೂರ್ತಿ ಸೀಮೆಸುಣ್ಣದ ಡಬ್ಬಿ ಹಿಡಿದು ಕ್ಲಾಸಿನ ಬಾಗಿಲಲ್ಲಿ ನಿಂತಿರುತ್ತಿದ್ದ. 'ರಾಜು, ಎಸ್ಸೆಸ್ಸೆಲ್ಸಿ ರಿಸಲ್ಟು' ಎಂದು ಎರಡೇ ಮಾತು. ಅನಂತರಾಜು ಎದ್ದು ಬಂದು ಸ್ಟಾಫ್‌ರೂಮಿನಲ್ಲಿ ಕೂತು ಅಂಕಪಟ್ಟಿಗಳಿಗೆ ಹೆಸರು ಬರೆಯುತ್ತಿದ್ದ. ಅವನ ಅಕ್ಷರ ಚೆಂದವಲ್ಲವೆ, ಸುಸ್ವಾಗತ ಬೋರ್ಡು ಅವನೇ ಬರೆಯಬೇಕು, ಆಗಸ್ಟ್ ಹದಿನೈದಕ್ಕೆ ಧ್ವಜದ ಸುತ್ತ ರಂಗೋಲಿ ಅವನೇ ಹಾಕಿಸಬೇಕು, ಯಾರಾದರೂ ನಿವೃತ್ತರಾದರೆ ಬಿನ್ನವತ್ತಳೆಗೆ ಬಳ್ಳಿ ಅವನೇ ಬಿಡಿಸಬೇಕು. ಡ್ರಾಯಿಂಗ್ ಮೇಷ್ಟ್ರು ಅಂದರೆ ಊಟಕ್ಕಿಲ್ಲದ ಉಪ್ಪಿನಕಾಯಿ ಎಂದು ಅಂಜನಮೂರ್ತಿ ಒಮ್ಮೆ ಎಲ್ಲರೆದುರಿಗೆ ಅಂದಾಗ ಎಲ್ಲರಿಗಿಂತ ಜೋರಾಗಿ ನಕ್ಕವನು ಅನಂತರಾಜುವೇ. ಆ ನಗೆಯನ್ನು ನೆನೆದರೆ ಈಗಲೂ ಅವನ ಕಿವಿ ಬಿಸಿಯಾಗುತ್ತಿತ್ತು.

ಬಸ್ಸು ಬಂತು. ಕಿಟಕಿ ಪಕ್ಕ ಸೀಟೂ ಸಿಕ್ಕಿತು. ಊರು ದಾಟುತ್ತಿದ್ದಂತೆ ರಸ್ತೆಯ ಮೇಲೆ ರಾಗಿ ತೆನೆ ಹಾಸಿದ್ದರು. ಅದರ ಮೇಲೆ ಹರಿಯುವಾಗ ಬಸ್ಸಿನ ಸದ್ದು ಮೆತ್ತಗಾಯಿತು. ಹಿಂದಿನ ಸೀಟಿನ ಯಜಮಾನರೊಬ್ಬರು, ತುಳಿಸೋದೇನೋ ತುಳಿಸಿದ್ವಿ, ತೂರೋಕೆ ಗಾಳಿನೇ ಇಲ್ವಲ್ಲ ಎಂದು ಕಂಡಕ್ಟರನ ಹತ್ತಿರ ದೂರುತ್ತಿದ್ದರು, ಗಾಳಿ ಬಿಡುವುದು ಕಂಡಕ್ಟರನ ಕೈಲಿದೆಯೇನೋ ಎಂಬಂತೆ. ಅನಂತರಾಜುವಿನ ಕಿವಿಗೆ ಅದು ಬಿದ್ದೂ ಬೀಳಲಿಲ್ಲ. ಅವನ ಮನಸ್ಸು ತುಮಕೂರಿನ ತರಬೇತಿಯ ಸಭಾಂಗಣದಲ್ಲಿ ಕೂತಿತ್ತು. ಪರದೆಗಳನ್ನು ಎಳೆದು ಕತ್ತಲು ಮಾಡಿದ್ದರು, ಜಿಲ್ಲೆಯ ಡ್ರಾಯಿಂಗ್ ಮೇಷ್ಟ್ರುಗಳೆಲ್ಲ ಸಾಲಾಗಿ, ಎದುರಿಗೆ ಗೋಡೆಯ ಮೇಲೆ ಯಾವುದೋ ದೇಶದ ಹೊಲದಲ್ಲಿ ಕಲ್ಲುಗಳನ್ನು ದುಂಡಗೆ ಜೋಡಿಸಿದ ಚಿತ್ರ. ಇದು ಬಯಲಿನಲ್ಲೇ ಹುಟ್ಟಿ ಬಯಲಿನಲ್ಲೇ ಕರಗುವ ಕಲೆ, ಇದರಿಂದ ಮಕ್ಕಳಿಗೆ ಪರಿಸರವನ್ನು ಕಲಿಸಬಹುದು, ಭೂಮಿಯಿಂದ ಎಷ್ಟು ತೆಗೆದುಕೊಂಡೆವೋ ಅಷ್ಟನ್ನು ವಾಪಸು ಕೊಡುವುದನ್ನು ಕಲಿಸಬಹುದು ಎಂದು ತನುಶ್ರೀ ಮೇಡಂ ಹೇಳುತ್ತಿದ್ದರು. ಇನ್ನೂ ಮೂವತ್ತು ತುಂಬಿರದ ಹೆಣ್ಣುಮಗಳು, ಖಾದಿ ಜುಬ್ಬ, ಮಾತಿನಲ್ಲಿ ಒಂದಿಷ್ಟೂ ಜಂಬವಿಲ್ಲ. ಇದು ಕಲೆಯಾದ್ರೆ ನಮ್ಮ ಮಾವನ ಹೊಲದ ತುಂಬ ಕಲೆನೇ, ಆರಿಸಿ ಆರಿಸಿ ಸೊಂಟ ಬಿದ್ದೋಯ್ತು ಎಂದು ಪಕ್ಕದವನು ಪಿಸುಗುಟ್ಟಿದ. ಅನಂತರಾಜು ನಗಲಿಲ್ಲ. ಇಷ್ಟು ವರ್ಷದ ನೌಕರಿಯಲ್ಲಿ ಚಿತ್ರದ ಬಗ್ಗೆ ಯಾರಾದರೂ ಅವನ ಜೊತೆ ಇಷ್ಟು ಗಂಭೀರವಾಗಿ ಮಾತಾಡಿದ್ದು ಅದೇ ಮೊದಲು.

ಮರುದಿನ ಅವರನ್ನೆಲ್ಲ ಬೆಂಗಳೂರಿಗೆ ಕರೆದುಕೊಂಡು ಹೋಗಿ ಸಂಗ್ರಹಾಲಯದ ತೋಟ ತೋರಿಸಿದ್ದರು. ಹುಲ್ಲಿನ ನಡುನಡುವೆ ಕಬ್ಬಿಣ, ಕಲ್ಲು, ಕಂಚು. ಬಿಸಿಲು ಬಹಳ ಇತ್ತು. ಅನಂತರಾಜು ಮುಖ ತೊಳೆದುಕೊಂಡು ಬಂದವನು ಒದ್ದೆ ಟವೆಲ್ಲನ್ನು ಒಂದು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಹರವಿದ. ಹರವಿ, ಮೂಲೆಗಳನ್ನು ಎಳೆದು ಸರಿ ಮಾಡಿ, ಊಟದ ಚೀಲವನ್ನೂ ಅದರ ಕೊಕ್ಕೆಗೆ ತಗುಲಿಹಾಕಿ, ನೆರಳಿಗೆ ಹೋಗಿ ಕೂತ. ಕಾವಲುಗಾರ ಓಡಿಬಂದ. ಅದು ಸ್ಟ್ಯಾಂಡಲ್ಲ, ಯಾರೋ ದೊಡ್ಡ ಕಲಾವಿದರು ವರ್ಷಗಟ್ಟಲೆ ಕೂತು ಮಾಡಿದ 'ಏಕಾಂತ' ಎಂಬ ಶಿಲ್ಪ. ಇಡೀ ಜಿಲ್ಲೆಯ ಮೇಷ್ಟ್ರುಗಳು ಹುಲ್ಲಿನ ಮೇಲೆ ಉರುಳಾಡಿ ನಕ್ಕರು. ಗುಬ್ಬಿಯ ಗಂಗಲಕ್ಷ್ಮಮ್ಮ ಟೀಚರು ಮಾತ್ರ ನಗದೆ, ಅಯ್ಯೋ ಪಾಪ ಎಂದಿದ್ದರು, ಅದೇ ಹೆಚ್ಚು ನೋವಾಯಿತು. ತನುಶ್ರೀ ಮೇಡಂ ಬಂದು ಟವೆಲ್ಲನ್ನು ತಾವೇ ಮಡಿಸಿ ಅವನ ಕೈಗೆ ಕೊಟ್ಟು, ಪರವಾಗಿಲ್ಲ ಸರ್, ಅದಕ್ಕೂ ಒಬ್ರು ಜೊತೆ ಸಿಕ್ಕಿದ ಹಾಗಾಯ್ತು ಎಂದರು. ಆ ಮಾತಿಗಾಗಿ ಅವನು ಅವರಿಗೆ ಏನು ಬೇಕಾದರೂ ಮಾಡಲು ತಯಾರಿದ್ದ. ಸ್ಕೂಲಿಗೆ ಬಂದ ಕೂಡಲೇ ಅಣ್ಣಯ್ಯಪ್ಪನವರ ಎದುರು ನಿಂತು ಒಂದೇ ಉಸಿರಿನಲ್ಲಿ ಎಲ್ಲ ಹೇಳಿ, ಕೊನೆಗೆ ಪೀರಿಯಡ್ಡಿನ ವಿಷಯ ಎತ್ತಿದ. ಅಣ್ಣಯ್ಯಪ್ಪನವರು ಕನ್ನಡಕ ತೆಗೆದು ಒರೆಸಿದರು. "ಬೆಂಗ್ಳೂರವ್ರು ಬಂದು ಭೇಷ್ ಅನ್ಲಿ, ನಿಮ್ ಪೀರಿಯಡ್ಡು ನಿಮ್ಗೆ. ಅನ್ಲಿಲ್ವಾ, ಅಂಜನಮೂರ್ತಿಗೇ ಖಾಯಂ. ಆಮೇಲೆ ನನ್ ತಲೆ ತಿನ್ಬಾರ್ದು."

ಮೇಡಂ ಕೊಟ್ಟಿದ್ದ ಕೆಲಸ ಇಷ್ಟೇ: ಮಕ್ಕಳು ತಮ್ಮ ಮನೆಯಲ್ಲಿ ಬಿಸಾಡುವ ವಸ್ತುಗಳನ್ನು ತರಬೇಕು, ಅವುಗಳಿಂದ ಸ್ಕೂಲಿನ ಬಯಲಿನಲ್ಲಿ ಏನಾದರೂ ಕಟ್ಟಬೇಕು, ಕಟ್ಟುತ್ತ ಕಟ್ಟುತ್ತ ನಾವು ಎಷ್ಟೊಂದು ಬಿಸಾಡುತ್ತೇವೆ ಎಂದು ಮಕ್ಕಳಿಗೆ ತಿಳಿಯಬೇಕು. ಅನಂತರಾಜು ಎಂಟನೆಯ ಕ್ಲಾಸಿಗೆ ಇದನ್ನು ಎರಡೆರಡು ಸಲ ವಿವರಿಸಿದ. ಮರುದಿನ ಇಡೀ ಕ್ಲಾಸು ಬರಿಗೈಯಲ್ಲಿ ಬಂತು. ಅವನಿಗೆ ಸಿಟ್ಟು ಬಂದು, ಯಾಕೆ ತರಲಿಲ್ಲ ಎಂದು ಮುಂದಿನ ಬೆಂಚಿನ ಹುಡುಗಿಯನ್ನು, ಚಿಕ್ಕಗಂಗಮ್ಮನ ಮೊಮ್ಮಗಳನ್ನು, ಎಬ್ಬಿಸಿ ಕೇಳಿದ. ಅವಳು ಅಜ್ಜಿಯನ್ನು ಕೇಳಿದ್ದಳಂತೆ. ಅಜ್ಜಿ ಬಿಸಾಕೋದು ಅಂದ್ರೇನೇ ಅಂದಿದ್ದಳಂತೆ. ತೆಂಗಿನಕಾಯಿ ಸಿಪ್ಪೆ? ಹಂಡೆ ಒಲೆಗೆ ಸಾರ್. ಚಿಪ್ಪು? ಅದೂ ಒಲೆಗೆ. ಗರಿ? ಸೌದೆ ಮನೆಗೆ ಮುಚ್ಚಿಗೆ ಸಾರ್, ಕಡ್ಡಿ ಪೊರಕೆಗೆ. ಬೂದಿ? ಪಾತ್ರೆ ಬೆಳಗೋಕೆ. ಹಳೇ ಸೀರೆ? ಕೌದಿಗೆ ಸಾರ್. ಹರಿದ ಕೌದಿ? ಹಸು ಕರ ಹಾಕಿದಾಗ ಒರೆಸೋಕೆ. ಅನಂತರಾಜು ಒಂದೊಂದೇ ಹೆಸರು ಹೇಳುತ್ತ ಹೋದ, ಅವಳು ಒಂದೊಂದಕ್ಕೂ ಉತ್ತರ ಹೇಳುತ್ತ ಹೋದಳು, ಕ್ಲಾಸಿನಲ್ಲಿ ಯಾರೂ ನಗಲಿಲ್ಲ. ಕೊನೆಗೆ ಅವಳ ಕಣ್ಣಲ್ಲಿ ನೀರು ಬಂತು, ತಮ್ಮ ಮನೆಯಲ್ಲಿ ಬಿಸಾಡುವುದಕ್ಕೂ ಗತಿಯಿಲ್ಲವಲ್ಲ ಎಂದು. ಬುದ್ಧಿಯಿದ್ದವನಾಗಿದ್ದರೆ ಅಲ್ಲಿಗೇ ನಿಲ್ಲಿಸಿ, ತನುಶ್ರೀ ಮೇಡಮ್ಮಿಗೆ ಫೋನು ಮಾಡಿ, ಇಲ್ಲಿ ಪಾಠ ಆಗಲೇ ಮುಗಿದಿದೆ ಎಂದು ಹೇಳಬಹುದಿತ್ತು. ಅನಂತರಾಜುವಿಗೆ ಹೊಳೆದದ್ದು ಬೇರೆ. ಗುಬ್ಬಿಯ ಗಂಗಲಕ್ಷ್ಮಮ್ಮ ಟೀಚರು ಒಣಗಿದೆಲೆಯ ನವಿಲು ಮಾಡಿಸಿ, ಅದರ ಫೋಟೋ ಪೇಪರಿನ ಜಿಲ್ಲಾ ಪುಟದಲ್ಲಿ ಬಂದಿತ್ತು. ನವಿಲಿನ ಪಕ್ಕದಲ್ಲಿ ಟೀಚರು, ಕುತ್ತಿಗೆ ಸ್ವಲ್ಪ ನವಿಲಿನ ಹಾಗೆಯೇ ಮಾಡಿಕೊಂಡು. ಆ ಪೇಪರನ್ನು ಅಂಜನಮೂರ್ತಿ ಸ್ಟಾಫ್‌ರೂಮಿನ ಮೇಜಿನ ಮೇಲೆ ಮರೆತು ಹೋಗಿದ್ದ, ಬೇಕೆಂದೇ ಮರೆತಿದ್ದ.

ಭಾನುವಾರ ಅವನು ತುಮಕೂರಿಗೆ ಹೋಗಿ ಶಿರಾ ಗೇಟಿನ ಒಂದು ಗುಜರಿ ಅಂಗಡಿಯಲ್ಲಿ ಕಸ ಕೊಂಡ. ಹೌದು, ಕೊಂಡ. ಎಣ್ಣೆಯ ಪ್ಲಾಸ್ಟಿಕ್ ಡಬ್ಬಿ, ಒಡೆದ ಬಕೆಟ್ಟು, ನೀರಿನ ಬಾಟಲಿ, ಸ್ಕೂಟರಿನ ಟೈರು, ಮುರಿದ ಕುರ್ಚಿಯ ಕಾಲು. ಅಂಗಡಿಯ ಸಾಬರು ತೂಕ ಹಾಕುತ್ತ ಹಾಕುತ್ತ ನಿಲ್ಲಿಸಿ, ಎಲ್ರೂ ನನಗೆ ಮಾರೋಕೆ ಬರ್ತಾರೆ ಸಾರ್, ನೀವು ಯಾತಕ್ಕೆ ಎಂದು ವಿಚಾರಿಸಿದರು. ಮಕ್ಕಳಿಗೆ ಪರಿಸರ ಕಲಿಸೋಕೆ ಎಂದ. ಸಾಬರು ಒಂದು ಬಕೆಟ್ಟನ್ನು ಪುಕ್ಕಟೆ ಹಾಕಿದರು. ಎರಡು ಮೂಟೆ ಆಯಿತು. ಬಸ್ಸಿನಲ್ಲಿ ಕಂಡಕ್ಟರು ಮೂಟೆಯನ್ನು ಕಾಲಿನಿಂದ ಒತ್ತಿ ನೋಡಿ, ಏನಿದೆ ಎಂದು ಕೇಳಿದಾಗ ಪಾಠೋಪಕರಣ ಎಂದು ಹೇಳಿ ಲಗೇಜಿನ ದುಡ್ಡು ಕೊಟ್ಟ. ಕುಣಿಗಲ್ ಕೆರೆ ಕಾಣುವವರೆಗೂ ಒಂದು ಬಾಟಲಿ ಮೂಟೆಯೊಳಗೆ ಲಟಲಟ ಎನ್ನುತ್ತಲೇ ಇತ್ತು, ಎಲ್ಲರೂ ತಿರುಗಿ ತಿರುಗಿ ನೋಡುತ್ತಿದ್ದರು. ಪ್ರಮೀಳಾ ಮೂಟೆಗಳನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ನಿಮ್ಗೆ ಪೀರಿಯಡ್ಡು ಕೊಡ್ಲಿ ಬಿಡ್ಲಿ, ಕಸಕ್ಕೆ ದುಡ್ಡು ಕೊಟ್ಟೋರು ಅಂತ ನನ್ನಪ್ಪಂಗೆ ಮಾತ್ರ ಹೇಳ್ಬೇಡಿ ಎಂದಳು.

ಮೂಟೆ ಸುರಿದು, ಹೊಂಗೆಮರದ ಕೆಳಗೆ ಗುಡ್ಡೆ ಹಾಕಿ, ಮಕ್ಕಳ ಜೊತೆ ಸುತ್ತಲೂ ನಿಂತು ನೋಡಿದರೆ ಅದು ಗುಜರಿಯ ಗುಡ್ಡೆಯೇ. ಆಗ ಯಾರೋ ಒಬ್ಬ, ಇದನ್ನ ಬಿಸಾಕ್ಬೋದು ಸಾರ್ ಎಂದು, ಅಂಚು ಒಂದಿಷ್ಟು ಬಿಚ್ಚಿದ್ದ ಒಂದು ಮೊರ ತಂದುಕೊಟ್ಟ. ಅನಂತರಾಜು ಅದನ್ನು ಗುಡ್ಡೆಯ ಮೇಲೆ ಕವುಚಿ ಹಾಕಿ ನಾಲ್ಕು ಹೆಜ್ಜೆ ಹಿಂದೆ ಬಂದ. ಆಮೆಯ ಬೆನ್ನು ಕಾಣಿಸಿತು. ಕಣ್ಣೆದುರೇ ಎದ್ದು ಬಂದ ಹಾಗೆ ಕಾಣಿಸಿತು. ಇಂಥವು ಇನ್ನೊಂದಿಷ್ಟು ಇದ್ದಿದ್ದರೆ ಎಂದು ಅವನು ತನ್ನಷ್ಟಕ್ಕೆ ಗೊಣಗಿಕೊಂಡ, ಅಷ್ಟೆ. ಮೇಷ್ಟ್ರು ಗೊಣಗಿದ್ದು ಕೂಡ ಮಕ್ಕಳಿಗೆ ಅಪ್ಪಣೆ. ಮರುದಿನ ಬೆಳಿಗ್ಗೆ ಮೊರಗಳು ಬಂದವು. ತಲೆಯ ಮೇಲೆ ಹೊತ್ತು, ಬೆನ್ನಿಗೆ ಕಟ್ಟಿಕೊಂಡು, ಸೈಕಲ್ ಕ್ಯಾರಿಯರಿಗೆ ಸಿಕ್ಕಿಸಿಕೊಂಡು ಬಂದವು, ಎಲ್ಲವೂ ಗಟ್ಟಿಮುಟ್ಟು, ಕೆಲವಕ್ಕೆ ಹಬ್ಬಕ್ಕೆಂದು, ಸಂದು ಮುಚ್ಚಲು, ಹೊಸದಾಗಿ ಮೆಂತ್ಯದ ಹಿಟ್ಟು ಬಳಿದಿದ್ದರು. ಗಾಳಿಯಿಲ್ಲದ್ದರಿಂದ ಗೋಡೆಯಲ್ಲಿ ಸುಮ್ಮನೆ ನೇತಾಡುತ್ತಿದ್ದ ಅವನ್ನು ಅವ್ವಂದಿರು ಹೊಲದ ಕಡೆ ಹೋದಾಗ ಮಕ್ಕಳು ಇಳಿಸಿಕೊಂಡು ಬಂದಿದ್ದವು. ಬಿಸಾಡೋದೇನ್ರೋ ಎಂದು ಅವನು ಕೇಳಿದ. ಬಿಸಾಕೋದು ಸಾರ್ ಎಂದು ಇಡೀ ಕ್ಲಾಸು ಒಂದೇ ರಾಗದಲ್ಲಿ, ಮಗ್ಗಿ ಹೇಳುವ ಹಾಗೆ ಹೇಳಿತು. ಆಗಲೇ ಅವನು ತಲೆಯಾಡಿಸಿದ್ದು. ಆಮೇಲಿನ ಮೂರು ದಿನ ಅವನು ಬದುಕಿನಲ್ಲಿ ಎಂದೂ ಇಲ್ಲದಷ್ಟು ಸುಖವಾಗಿದ್ದ. ತೆಂಗಿನ ನಾರಿನ ಹಗ್ಗದಲ್ಲಿ ಮೊರದ ಮೇಲೆ ಮೊರ ಕಟ್ಟಿ ಬೆನ್ನು, ಗರಿ ಹೆಣೆದು ಕುತ್ತಿಗೆ, ತೆಂಗಿನಕಾಯಿ ಸಿಪ್ಪೆಯ ಕಾಲು, ಪೊರಕೆಯ ಬಾಲ. ನೋಡಿದವರೆಲ್ಲ ಒಂದೊಂದು ಹೇಳಿದರು. ಅಣ್ಣಯ್ಯಪ್ಪನವರು ಆನೆ ಚೆನ್ನಾಗಿದೆ ಎಂದರು. ಅಂಜನಮೂರ್ತಿ ಅಂಬಾಸಿಡರ್ ಕಾರಾ ಎಂದ. ಜವಾನ ಯಲ್ಲಯ್ಯ ಮಾತ್ರ ಆಮೆ ಎಂದ, ಅದೂ ಅನಂತರಾಜು ಮೊದಲೇ ಹೇಳಿಕೊಟ್ಟಿದ್ದರಿಂದ.

ಬಸ್ಸಿಳಿದು ಗೇಟು ದಾಟಿದಾಗ ಆಮೆ ಬೆಳಗಿನ ಬಿಸಿಲಿನಲ್ಲಿ ಮಲಗಿತ್ತು. ಅಣ್ಣಯ್ಯಪ್ಪನವರು ಪಂಚೆಯ ಬದಲು ಪ್ಯಾಂಟು ಹಾಕಿದ್ದರು, ಗೇಟಿನಿಂದ ಹೊಂಗೆಮರದವರೆಗೆ ಕಲ್ಲುಗಳಿಗೆಲ್ಲ ಸುಣ್ಣ ಕೆಮ್ಮಣ್ಣು ಬಳಿಸಿದ್ದರು. ಯಾರೇ ಬರಲಿ ಅದು ಆ ಸ್ಕೂಲಿನ ಸಂಪ್ರದಾಯ. ಒಂಬತ್ತೂವರೆ ಕಳೆದು ಹತ್ತಾಯಿತು. ಹತ್ತು ಕಳೆದ ಮೇಲೆ ಒಂದು ಬಿಳಿ ಕಾರು ಬಂತು. ತನುಶ್ರೀ ಮೇಡಂ ಇಳಿಯುತ್ತಲೇ ಕ್ಷಮೆ ಕೇಳಿದರು: ರಸ್ತೆ ತುಂಬ ಯಾರದೋ ಬೆಳೆ ಬಿದ್ದಿತ್ತು, ಡ್ರೈವರು ಅದರ ಮೇಲೆ ಹತ್ತಿಸಲು ಹೆದರಿ, ಇಳಿದು ಬದಿಗೆ ಸರಿಸಿ ಸರಿಸಿ ಬಂದನಂತೆ. ಅದನ್ನು ಹತ್ತಿಸಲೆಂದೇ ಹಾಸಿರುತ್ತಾರೆ ಎಂದು ಹೇಳಲು ಅನಂತರಾಜು ಬಾಯಿ ತೆರೆದ. ಆದರೆ ಅವರು ಅಷ್ಟರಲ್ಲಿ ಹೊಂಗೆಮರದ ಕಡೆ ನೋಡಿಬಿಟ್ಟಿದ್ದರು.

ಅವರು ಆಮೆಯ ಸುತ್ತ ಒಂದು ಸುತ್ತು ಬಂದರು. ಮಕ್ಕಳು ಸಾಲಾಗಿ ನಿಂತಿದ್ದವು. ಅಣ್ಣಯ್ಯಪ್ಪನವರು, ಅಂಜನಮೂರ್ತಿ ಇಬ್ಬರೂ ಮೇಡಮ್ಮಿನ ಮುಖವನ್ನೇ ನೋಡುತ್ತಿದ್ದರು, ಒಬ್ಬರು ಭೇಷ್ ಬರಲಿ ಎಂದು, ಇನ್ನೊಬ್ಬ ಬರದಿರಲಿ ಎಂದು. ತನುಶ್ರೀ ಮೇಡಂ ಒಂದು ಮೊರದ ಮೇಲೆ ಅಂಗೈ ಸವರಿದರು. "ಸರ್, ಆಮೆ ಅಲ್ವಾ? ಎಷ್ಟ್ ಚೆನ್ನಾಗಿದೆ" ಎಂದರು. ಅನಂತರಾಜುವಿನ ಮೈಯೆಲ್ಲ ಹಗುರಾಯಿತು. ಯಾರೂ ಹೇಳಿಕೊಡದೆ ಆಮೆ ಎಂದಿದ್ದರು. ಹೆಡ್‌ಮಾಸ್ತರು ಕೇಳಿಸಿಕೊಂಡರೇ ಎಂದು ಅವನು ಓರೆಗಣ್ಣಲ್ಲಿ ನೋಡಿದ. ಕೇಳಿಸಿಕೊಂಡಿದ್ದರು, ತಲೆದೂಗುತ್ತಲೂ ಇದ್ದರು. ಮೇಡಂ ಕ್ಯಾಮೆರಾ ತೆಗೆದರು. ತೆಗೆದವರು, ಇಷ್ಟು ಗಟ್ಟಿಯಾಗಿದೆ, ಇದನ್ನ ಊರಲ್ಲಿ ನಿಜವಾಗ್ಲೂ ಬಿಸಾಡ್ತಾರಾ ಸರ್ ಎಂದು ಕೇಳಿದರು. ಅನುಮಾನದಿಂದ ಕೇಳಿದ್ದಲ್ಲ, ತಿಳಿದುಕೊಳ್ಳಬೇಕೆಂದು ಕೇಳಿದ್ದು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುವಂತೆ ಅನಂತರಾಜುವಿಗೆ ಅಂಗಿಯ ಬೆನ್ನು ಒದ್ದೆಯಾಯಿತು. ಈ ವರ್ಷ ಊರಿನಲ್ಲಿ ಮೊರ ಸ್ವಲ್ಪ ಹೆಚ್ಚಾಗಿದೆ ಎಂದ. ಹೇಳಿದ ಮೇಲೆ ಅದು ತನಗೇ ಎಂಥ ಮಾತು ಎನಿಸಿತು.

ಹೊಂಗೆಮರದ ಎಲೆ ಅಲ್ಲಾಡಿದ್ದು ಆಗ. ಮೊದಲು ತುದಿಯ ಒಂದು ಕೊಂಬೆ, ಆಮೇಲೆ ಇಡೀ ಮರ. ಮೂಡಲ ಗಾಳಿ ಬಯಲಿಗೆ ನುಗ್ಗಿ ಆಮೆಯ ಗರಿಯ ಕುತ್ತಿಗೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸಿತು, ಮೇಡಂ ಆಹಾ ಎಂದು ಒಂದು ಫೋಟೋ ಹೊಡೆದರು. ಮಕ್ಕಳಲ್ಲಿ ಗುಸುಗುಸು ಎದ್ದಿತು. ಚಿಕ್ಕಗಂಗಮ್ಮನ ಮೊಮ್ಮಗಳು ಊರಿನ ಕಡೆ ನೋಡಿ ಬಾಯಿಗೆ ಕೈಯಿಟ್ಟುಕೊಂಡಳು. ನಾಲ್ಕು ದಿನದಿಂದ ಕಣದಲ್ಲಿ ರಾಗಿ ಗುಡ್ಡೆ ಹಾಕಿಕೊಂಡು ಕಾದಿದ್ದ ಊರು ಅದು. ಗಾಳಿ ಬಂದಾಗ ತೂರಿಕೋ ಎಂಬ ಗಾದೆಯನ್ನು ಅನಂತರಾಜು ಎಷ್ಟೋ ವರ್ಷ ಗೋಡೆಯ ಮೇಲೆ ದುಂಡಗೆ ಬರೆದಿದ್ದ. ಗಾಳಿ ಬಂದಾಗ ತೂರಲು ಮೊರ ಬೇಕಾಗುತ್ತದೆ ಎಂಬುದು ಅವನ ತಲೆಗೆ ಹೊಳೆದದ್ದು ಆ ಗಳಿಗೆಯಲ್ಲಿ. ಅವನು ಗೇಟಿನ ಕಡೆ ನೋಡಿದ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ತಲೆಗೆ ಬಟ್ಟೆ ಕಟ್ಟಿಕೊಂಡು ಚಿಕ್ಕಗಂಗಮ್ಮ ಬರುತ್ತಿದ್ದಳು. ಅವಳ ಹಿಂದೆ ಇನ್ನೂ ಹೆಂಗಸರು ಬರುತ್ತಿದ್ದರು.

"ಮೇಷ್ಟ್ರೇ, ನನ್ ಮೊರ ಕೊಡಿ. ಗಾಳಿ ಬಂತು."

ಅದರಲ್ಲಿ ಜಗಳವಿರಲಿಲ್ಲ. ಪಕ್ಕದ ಮನೆಗೆ ಕೊಟ್ಟಿದ್ದನ್ನು ಕೇಳುವಂತೆ ಕೇಳಿದಳು. ಕೇಳಿ, ಉತ್ತರಕ್ಕೆ ಕಾಯದೆ ಆಮೆಯ ಬೆನ್ನಿಗೆ ಬಗ್ಗಿ, ಅಂಚಿನಲ್ಲಿ ಕೆಂಪು ದಾರ ಸುತ್ತಿದ್ದ ತನ್ನ ಮೊರವನ್ನು ಒಂದೇ ನೋಟಕ್ಕೆ ಹುಡುಕಿ, ಹಗ್ಗ ಬಿಚ್ಚತೊಡಗಿದಳು. ಅದರ ಮೇಲಿನ ಎರಡು ಮೊರ ಅಡ್ಡ ಬಂದವು. ಅವನ್ನು ಕಿತ್ತು ಹತ್ತಿರ ನಿಂತಿದ್ದ ತನುಶ್ರೀ ಮೇಡಮ್ಮಿನ ಕೈಗೆ ಕೊಟ್ಟು, ಒಸಿ ಹಿಡ್ಕೋ ತಾಯಿ ಎಂದಳು. ಮೇಡಂ ಕ್ಯಾಮೆರಾವನ್ನು ಕುತ್ತಿಗೆಗೆ ಬಿಟ್ಟುಕೊಂಡು ಹಿಡಿದುಕೊಂಡರು. ಅಷ್ಟು ಹೊತ್ತಿಗೆ ಅಣ್ಣಯ್ಯಪ್ಪನವರಿಗೆ ಮಾತು ಬಂತು. ಇದು ಸ್ಕೂಲು, ಬೆಂಗಳೂರಿನಿಂದ ಗೆಸ್ಟು ಬಂದಿದ್ದಾರೆ, ನಿಮಗೆ ಮಾನ ಮರ್ಯಾದೆ ಇದೆಯೇ ಎಂದು ಕೈ ಎತ್ತಿಕೊಂಡು ಎರಡು ಹೆಜ್ಜೆ ಮುಂದೆ ಹೋದವರು ಅಲ್ಲೇ ನಿಂತರು. ಗೇಟಿನೊಳಗೆ ಅವರ ಹೆಂಡತಿ ಹನುಮಮ್ಮ ಬಂದಿದ್ದರು, ಮುಖವೆಲ್ಲ ರಾಗಿ ಹೊಟ್ಟು. ಮೂರು ಮೊರಾನೂ ಸ್ಕೂಲಿಗೆ ಕಳ್ಸಿ ನೀವು ಪ್ಯಾಂಟ್ ಹಾಕ್ಕೊಂಡು ನಿಂತಿದೀರಲ್ಲ, ಆಳುಗಳ ಕೈಗೆ ಏನ್ ಕೊಡ್ಲಿ ಎಂದರು. ಅಣ್ಣಯ್ಯಪ್ಪನವರ ಕೈ ನಿಧಾನವಾಗಿ ಕೆಳಗಿಳಿಯಿತು. ಆ ಮೂರು ಮೊರಗಳನ್ನು ತಂದವನು ಅವರ ಎಂಟನೆಯ ಕ್ಲಾಸಿನ ಮಗನೇ ಎಂದು ಆಗ ಅವರಿಗೂ ತಿಳಿಯಿತು.

ಆಮೇಲೆ ತಡೆಯುವವರು ಯಾರೂ ಇರಲಿಲ್ಲ. ಹೆಂಗಸರು ಸುತ್ತುಗಟ್ಟಿದರು. ಮಕ್ಕಳೂ ಕೈಹಾಕಿದರು, ಕಟ್ಟಿದವರಿಗೆ ಗಂಟು ಎಲ್ಲಿದೆ ಎಂದು ಗೊತ್ತಿರುತ್ತದಲ್ಲ. ತನುಶ್ರೀ ಮೇಡಂ ಕೈತುಂಬ ಮೊರ ಹಿಡಿದು, ಇದು ಯಾರದು, ಇದು ಯಾರದು ಎಂದು ಕೂಗಿ ಕೂಗಿ ಹಂಚುತ್ತಿದ್ದರು, ಅವರ ಖಾದಿ ಜುಬ್ಬಕ್ಕೆ ಮೊರದ ಹಿಟ್ಟು ಮೆತ್ತಿತ್ತು, ಅವರು ನಗುತ್ತಿದ್ದರು. ಅನಂತರಾಜು ಎರಡು ಕೈಯನ್ನೂ ಕಟ್ಟಿಕೊಂಡು ನೋಡುತ್ತಿದ್ದ. ಬೆನ್ನು ಹೋಯಿತು. ಹಂಡೆ ಒಲೆಗೆ ಬೇಕೆಂದು ಒಬ್ಬಳು ಕಾಲುಗಳ ಸಿಪ್ಪೆಯನ್ನು ಮಡಿಲಿಗೆ ತುಂಬಿಕೊಂಡಳು. ಕಣ ಗುಡಿಸಲು ಇನ್ನೊಬ್ಬಳು ಬಾಲವನ್ನು ಒಯ್ದಳು. ಗಾಳಿ ಬಿದ್ದುಹೋಗುವ ಮುಂಚೆ ಎಂದು ಎಲ್ಲರೂ ಬಿರಬಿರನೆ ಹೊರಟರು, ಹಗ್ಗವನ್ನೂ ಸುತ್ತಿಕೊಂಡು ಹೋದರು, ಅವರ ಹಿಂದೆ ಎಂಟನೆಯ ಕ್ಲಾಸು ಹೋಯಿತು. ಅವನಿಗೆ ಅಳು ಬರುವ ಹಾಗಿತ್ತು, ಅದರ ಜೊತೆಗೇ ಎಂಥದೋ ನೆಮ್ಮದಿಯೂ ಆಯಿತು, ಮೊರಗಳು ಮೊರಗಳ ಜಾಗಕ್ಕೆ ಹೋದವಲ್ಲ ಎಂದು. ಆ ನೆಮ್ಮದಿ ಒಂದು ನಿಮಿಷವೂ ಉಳಿಯಲಿಲ್ಲ. ಊರಿನದೆಲ್ಲ ಊರಿಗೆ ಹೋದ ಮೇಲೆ ಹೊಂಗೆಮರದ ಕೆಳಗೆ ಉಳಿದದ್ದು ಅವನದು: ಎಣ್ಣೆ ಡಬ್ಬಿ, ಬಕೆಟ್ಟು, ಬಾಟಲಿ, ಟೈರು, ಕುರ್ಚಿಯ ಕಾಲು. ಬಿಸಿಲಿನಲ್ಲಿ ಅವು ಬೆತ್ತಲೆಯಾಗಿ ಬಿದ್ದಿದ್ದವು.

ತನುಶ್ರೀ ಮೇಡಂ ನಗು ನಿಲ್ಲಿಸಿ, ಕೈಯ ಹಿಟ್ಟು ಕೊಡವಿಕೊಂಡು, ಹತ್ತಿರ ಬಂದು ನೋಡಿದರು. ಇದು ಇಲ್ಲಿಯದಾ ಸರ್ ಎಂದರು. ಅಂಜನಮೂರ್ತಿ ಗಂಟಲು ಸರಿಮಾಡಿಕೊಂಡ, ಅವನಿಗೆ ಬಸ್ಸಿನ ಮೂಟೆಯ ಸಂಗತಿ ಗೊತ್ತಿತ್ತು. ಬಾಯಿಗೆ ಬಂದ ಇನ್ನೊಂದು ಸುಳ್ಳನ್ನು ಅನಂತರಾಜು ನುಂಗಿಕೊಂಡ. ಈ ಹೆಣ್ಣುಮಗಳು ತನ್ನ ಒದ್ದೆ ಟವೆಲ್ಲನ್ನು ಮಡಿಸಿ ಕೊಟ್ಟವಳು.

"ತುಮ್ಕೂರಿಂದ ನಾನೇ ಕೊಂಡ್ಕೊಂಡ್ ಬಂದೆ ಮೇಡಂ. ಇಲ್ಲಿ ಎಷ್ಟ್ ಹುಡುಕಿದ್ರೂ ಕಸ ಸಿಗ್ಲಿಲ್ಲ."

ಮೇಡಂ ಟೈರಿನ ಅಂಚಿನ ಮೇಲೆ ಕೂತರು. ತಪ್ಪು ನಮ್ಮದೂ ಇದೆ, ಕಸ ಎಲ್ಲ ಕಡೆ ಇದ್ದೇ ಇರುತ್ತೆ ಅಂದ್ಕೊಂಡ್ವಿ ಎಂದು ಮೆಲ್ಲಗೆ ಹೇಳಿದರು. ಅಣ್ಣಯ್ಯಪ್ಪನವರಿಗೆ ಈ ಮಾತುಗಳಲ್ಲಿ ಭೇಷ್ ಎಲ್ಲಿದೆ ಎಂದು ಗೊತ್ತಾಗಲಿಲ್ಲ. ಅವರಿಗೆ ಗೊತ್ತಾದದ್ದು ಇಷ್ಟು: ಗೆಸ್ಟಿನ ಎದುರು ಹೆಂಡತಿಯ ಕೈಲಿ ಮಾತು ಕೇಳಿಸಿಕೊಂಡಾಯಿತು, ಎಂಟನೆಯ ಕ್ಲಾಸು ಕಣಕ್ಕೆ ಹೋಯಿತು, ಸುಣ್ಣ ಬಳಿದ ಬಯಲಿನ ನಡುವೆ ಒಂದು ಗುಜರಿ ಅಂಗಡಿ ಕೂತಿದೆ. ಇದನ್ನು ಈಗಲೇ ಸುಟ್ಟುಹಾಕು ಎಂದು ಯಲ್ಲಯ್ಯನಿಗೆ ಕೂಗಿದರು. ಮೇಡಂ ಗಾಬರಿಯಿಂದ ಎದ್ದರು. ಪ್ಲಾಸ್ಟಿಕ್ ಸುಡಬಾರದು ಸರ್, ಹೊಗೆ ವಿಷ ಎಂದರು. ಹಾಗಾದರೆ ಹೂಳಿಸುತ್ತೇನೆ ಎಂದರು ಅಣ್ಣಯ್ಯಪ್ಪನವರು. ಹೂಳಿದ್ರೂ ಮಣ್ಣಾಗೋಕೆ ಐನೂರು ವರ್ಷ ಬೇಕು ಅಂತಾರೆ ಎಂದರು ಮೇಡಂ. ಮಕ್ಕಳ ಕೈಲಿ ಏನಾದರೂ ಮಾಡಿಸಿ ಬಳಸಿ ಬಳಸಿಯೇ ಅದನ್ನು ಮುಗಿಸಬೇಕು, ಬೇರೆ ದಾರಿಯಿಲ್ಲ ಎಂದರು. ಅಣ್ಣಯ್ಯಪ್ಪನವರು ಕನ್ನಡಕ ತೆಗೆದು ಒರೆಸಿದರು.

"ಕೇಳಿಸ್ತೇನ್ರೀ ಅನಂತರಾಜು? ತಂದವ್ರು ನೀವು, ಮುಗಿಸ್ಬೇಕಾದವ್ರೂ ನೀವೇ. ಶುಕ್ರವಾರದ ಎರಡು ಪೀರಿಯಡ್ಡು ಇಟ್ಕೊಳ್ಳಿ. ಈ ಕಸ ಪೂರ್ತಿ ಮುಗಿಯೋ ತನಕ ಆ ಪೀರಿಯಡ್ಡು ನಿಮ್ದೇ, ಇನ್ಯಾರೂ ಮುಟ್ಟಂಗಿಲ್ಲ. ಅನುಭವಿಸಿ."

ಅಂಜನಮೂರ್ತಿ ಗಣಿತದವನು, ಎಲ್ಲರಿಗಿಂತ ಮೊದಲು ಅವನಿಗೆ ಲೆಕ್ಕ ಹೊಳೆಯಿತು. ಸಾರ್, ಮೇಡಂ ಐನೂರು ವರ್ಷ ಅಂದ್ರಲ್ಲ ಎಂದು ಶುರುಮಾಡಿದ. ಶಿಕ್ಷೆ ಅಂದ್ಮೇಲೆ ಶಿಕ್ಷೆ ಕಣ್ರೀ, ಮಧ್ಯ ಬಾಯಿ ಹಾಕ್ಬೇಡಿ ಎಂದು ಅಣ್ಣಯ್ಯಪ್ಪನವರು ಗದರಿಸಿದರು. ಹೊರಗಿನವರ ಎದುರು ಆಡಿದ ಮಾತನ್ನು ಅವರು ಎಂದೂ ಹಿಂದಕ್ಕೆ ತೆಗೆದುಕೊಂಡವರಲ್ಲ. ಅನಂತರಾಜು ತಲೆ ತಗ್ಗಿಸಿದ. ಪಶ್ಚಾತ್ತಾಪಪಡುತ್ತಿದ್ದಾನೆ ಎಂದು ಹೆಡ್‌ಮಾಸ್ತರಿಗೆ ಸಮಾಧಾನವಾಯಿತು. ಅರ್ಧ ಅದು ನಿಜವೇ ಆಗಿತ್ತು. ಉಳಿದರ್ಧ ಮುಖದ ಮೇಲೆ ಹರಡುತ್ತಿದ್ದದ್ದು ಯಾರ ಕಣ್ಣಿಗೂ ಬೀಳದಿರಲಿ ಎಂದು ಅವನು ನೆಲದ ಕಡೆ ಬಗ್ಗಿ, ಗಾಳಿಗೆ ಉರುಳಿಹೋಗುತ್ತಿದ್ದ ಒಂದು ಬಾಟಲಿಯ ಹಿಂದೆ ಓಡಿದ. ಒಂದೂ ಕಳೆದುಹೋಗಬಾರದಿತ್ತು.